ಮುಟ್ಟು ನಿಲ್ಲುವ ಕಾಲದಲ್ಲಿ ತಾಯಂದಿರ ಮನಸ್ಸು

ಕಳೆದ ವರುಷ ದೀಪಾವಳಿಯ ಸೂಟಿ ಮುಗಿದು ಶಾಲೆ ಮತ್ತೆ ಆರಂಭವಾದಾಗ, ಹತ್ತನೆಯ ಇಯತ್ತೆಯ ವಿದ್ಯಾರ್ಥಿಗಳಿಗೆ ‘ನನ್ನ ತಾಯಿ’ ಎಂಬ ವಿಷಯ ಕೊಟ್ಟು ನಿಬಂಧ ಬರೆಯಲು ಹೇಳಿದ್ದೆನು. ಈ ವಿಷಯದ ಮೇಲೆ ಬರುವ ನಿಬಂಧಗಳು ಹೇಗಿರುವವೆಂಬುದು ಅಧ್ಯಾಪಕರಿಗೆಲ್ಲ ತಿಳಿದದ್ದೇ. ತಾಯಿ ಮಮತೆಯ ಮೂರ್ತಿ, ತಾಯಿಯೇ ಮೊದಲ ಗುರು ಎಂದು ಮೂವತ್ತೈದು ಮಕ್ಕಳು ಹೆಚ್ಚುಕಡಿಮೆ ಒಂದೇ ರೀತಿ ಬರೆದಿದ್ದರು. ಒಬ್ಬ ಹುಡುಗನು ಮಾತ್ರ ಅರ್ಧ ಪುಟ ಬರೆದು ನಿಲ್ಲಿಸಿದ್ದನು. ತನ್ನ ತಾಯಿ ಈಗ ಮೊದಲಿನಂತಿಲ್ಲವೆಂದೂ, ರೊಟ್ಟಿ ಬಡಿಯುತ್ತ ಬಡಿಯುತ್ತ ಅಳುವಳೆಂದೂ, ಕೇಳಿದರೆ ಏನೂ ಇಲ್ಲವೆನ್ನುವಳೆಂದೂ, ನಡುರಾತ್ರಿ ಎದ್ದು ಹೊಸ್ತಿಲ ಬಳಿ ಕೂಡುವಳೆಂದೂ, ತನ್ನಿಂದಲೇ ಏನೋ ತಪ್ಪಾಗಿರಬೇಕೆಂದೂ ಅದರಲ್ಲಿತ್ತು. ಆ ನಿಬಂಧಕ್ಕೆ ಎಷ್ಟು ಗುಣ ಕೊಡಬೇಕೆಂಬುದು ನನಗೆ ತಿಳಿಯಲಿಲ್ಲ.

ನಮ್ಮ ಶಾಲೆಯ ಹಿರಿಯ ಅಧ್ಯಾಪಿಕೆಯರೊಬ್ಬರು ಆ ಹುಡುಗನ ಮನೆಗೆ ಹೋಗಿ ಬಂದರು. ತಾಯಿಗೆ ನಾಲ್ವತ್ತಾರು ವರುಷ. ಒಂದೂವರೆ ವರುಷದಿಂದ ಮುಟ್ಟು ಹಿಂದುಮುಂದಾಗುತ್ತಿದೆ. “ನನಗೇನಾಗೇತಿ ಅನ್ನೂದು ನನಗ ತಿಳೀವಲ್ದು ಬಾಯಿ. ಎದಿ ಹಾರತೈತಿ. ಹುಡುಗನ ಮ್ಯಾಲ ಒದರತೇನಿ, ಆಮ್ಯಾಲ ನಾನ ಅಳತೇನಿ” ಎಂದು ಆಕೆ ಹೇಳಿದರಂತೆ. ಮನೆಯವರು ಇದಕ್ಕೆ ‘ಸಿಟ್ಟಿನ ಸ್ವಭಾವ’ವೆಂದು ಹೆಸರಿಟ್ಟಿದ್ದರು.

ಇಂಥ ವಿಷಯವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಕೆಲವು ಮಹನೀಯರು ಸಂಕೋಚಪಟ್ಟುದುಂಟು. ವಿಜ್ಞಾನದ ತರಗತಿಯಲ್ಲಿ ಋತುಚಕ್ರದ ಪಾಠವನ್ನು ನಾವು ಕಲಿಸುತ್ತೇವೆ. ಮಕ್ಕಳು ಚಿತ್ರ ಬಿಡಿಸಿ ಹೆಸರು ಗುರುತಿಸುತ್ತಾರೆ. ಆ ಚಕ್ರವು ನಿಲ್ಲುವ ಕಾಲಕ್ಕೆ ತಾಯಿಯ ಮನಸ್ಸಿನಲ್ಲಿ ಏನಾಗುವದೆಂಬುದು ಪರೀಕ್ಷೆಗೆ ಬರುವದಿಲ್ಲವಾದರೂ ಮನೆಯಲ್ಲಿ ದಿನಾಲೂ ಎದುರಿಗೆ ಬರುವ ಪ್ರಶ್ನೆಯಾಗಿದೆ. ಆದುದರಿಂದ ಹುಡುಗರೂ ಹುಡುಗಿಯರೂ ಇದನ್ನು ಓದಲಿ. ಓದಿ ತಂದೆಯ ಕೈಗೆ ಕೊಡಲಿ.

ಮೊದಲು ಶರೀರದ ಸಂಗತಿಯನ್ನು ನೋಡೋಣ. ಇದು ನಮ್ಮ ಪೂರ್ವಜರಿಗೆ ತಿಳಿಯದ ಮಾತಲ್ಲ. ಮುಟ್ಟು ಹನ್ನೆರಡನೆಯ ವರುಷದ ಸುಮಾರಿಗೆ ಆರಂಭವಾಗಿ ಐವತ್ತನೆಯ ವರುಷದ ಸುಮಾರಿಗೆ ನಿಲ್ಲುವದೆಂದು ಸುಶ್ರುತ ಸಂಹಿತೆಯಲ್ಲಿಯೇ ಹೇಳಿದೆ. ಇಂದಿನ ವೈದ್ಯರ ಲೆಕ್ಕದಂತೆ ನಮ್ಮ ದೇಶದ ಸ್ತ್ರೀಯರಲ್ಲಿ ಅದು ಸರಾಸರಿ 46–47ನೆಯ ವಯಸ್ಸಿನಲ್ಲಿ ನಿಲ್ಲುತ್ತದೆ. ಯುರೋಪ, ಅಮೇರಿಕೆಗಳಲ್ಲಿ 51ರ ಸುಮಾರಿಗೆ. ಒಂದೆರಡು ತಿಂಗಳು ತಪ್ಪಿದ ಮಾತ್ರಕ್ಕೆ ನಿಂತಿತೆಂದು ತಿಳಿಯಬಾರದು. ಬೇರೆ ಕಾರಣವಿಲ್ಲದೆ ಎಡೆಬಿಡದೆ 12 ತಿಂಗಳು ಮುಟ್ಟಾಗದಿದ್ದರೆ ಆಗ ಋತುನಿವೃತ್ತಿಯಾಯಿತೆಂದು ವೈದ್ಯರು ಹೇಳುತ್ತಾರೆ. ಮರಾಠಿಯಲ್ಲಿ ಇದಕ್ಕೆ ರಜೋನಿವೃತ್ತಿಯೆನ್ನುವರು. ಅದಕ್ಕಿಂತ ಮುಂಚಿನ ಕೆಲವು ವರುಷಗಳು, ಸಾಮಾನ್ಯವಾಗಿ ನಾಲ್ಕಾರು ವರುಷಗಳು, ಸಂಧಿಕಾಲ. ತೊಂದರೆಯೆಲ್ಲ ಹೆಚ್ಚಾಗಿ ಈ ಸಂಧಿಕಾಲದಲ್ಲಿಯೇ.

ಹೆಣ್ಣುಮಗುವು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಬೀಜಗಳಿರುತ್ತವೆ. ಹೊಸದಾಗಿ ಹುಟ್ಟುವದಿಲ್ಲ, ಇದ್ದುದು ಕರಗುತ್ತ ಹೋಗುತ್ತದೆ. ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷ ಉಳಿದಿರುತ್ತವೆ. ನಾಲ್ವತ್ತು ದಾಟಿದ ಮೇಲೆ ಈ ಕಣಜವು ಬರಿದಾಗತೊಡಗುತ್ತದೆ. ಅಂಡಾಶಯವು ಬರಿಯ ಬೀಜದ ಕಣಜವಲ್ಲ. ಅದು ಒಂದು ನಿರ್ನಾಳ ಗ್ರಂಥಿಯೂ ಹೌದು. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಚೋದಕ ರಸಗಳನ್ನು ಅದು ರಕ್ತದಲ್ಲಿ ಬಿಡುತ್ತದೆ. ಈ ರಸಗಳು ಗರ್ಭಾಶಯಕ್ಕಷ್ಟೇ ಸಂಬಂಧಪಟ್ಟವೆಂದು ನಾವು ತಿಳಿದಿರುತ್ತೇವೆ. ನಿಜವಾಗಿ ಎಲುಬು, ಹೃದಯ, ಚರ್ಮ, ಮೆದುಳುಗಳೆಲ್ಲವೂ ಅವುಗಳ ಮಾತು ಕೇಳುತ್ತವೆ. ಮನಸ್ಸನ್ನು ಸ್ಥಿಮಿತದಲ್ಲಿಡುವ ಸಿರೊಟೋನಿನ್ ಎಂಬ ಮೆದುಳಿನ ರಾಸಾಯನಿಕದ ವ್ಯವಹಾರದಲ್ಲಿಯೂ ಈಸ್ಟ್ರೋಜನ್ನಿನ ಕೈಯಿದೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಈಸ್ಟ್ರೋಜನ್ ಏಣಿಯ ಮೆಟ್ಟಿಲಿಳಿದಂತೆ ಕ್ರಮವಾಗಿ ಕಡಿಮೆಯಾಗುವದಿಲ್ಲ. ಒಂದು ತಿಂಗಳು ಹಿಂದಿಗಿಂತಲೂ ಮೇಲೇರಿ, ಮರುತಿಂಗಳು ಧುಮುಕಿ, ಮತ್ತೆ ಏರುತ್ತದೆ. ನಾನು ಮೊದಲ ಕೆಲವು ವರುಷ ಇಚಲಕರಂಜಿಯಲ್ಲಿ ಕೆಲಸ ಮಾಡಿದವನು. ಪಾವರಲೂಮಿನ ಮನೆಗಳ ಮಕ್ಕಳು ನನಗೆ ಕಲಿಸಿದ ಸಂಗತಿಯೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕರೆಂಟು ಪೂರ್ತಿಯಾಗಿ ಹೋದರೆ ಮಗ್ಗ ನಿಲ್ಲುತ್ತದೆ, ಅಷ್ಟೇ. ನೇಕಾರನು ಚಹಾ ಕುಡಿಯಲು ಹೋಗುತ್ತಾನೆ. ಕರೆಂಟು ಹೆಚ್ಚುಕಡಿಮೆಯಾಗುತ್ತ ಬಂದರೆ ಮಾತ್ರ ಮಗ್ಗದ ವೇಗ ಕೆಟ್ಟು ಎಳೆ ಹರಿಯುತ್ತದೆ, ಬಟ್ಟೆ ಕೆಡುತ್ತದೆ. ಸಂಧಿಕಾಲದ ಮನಸ್ಸಿನ ಸ್ಥಿತಿಯೂ ಇದೇ. ರಸವು ಒಮ್ಮೆ ತಗ್ಗಿನಲ್ಲಿಯೇ ನೆಲೆನಿಂತ ಮೇಲೆ ಬಹಳ ಮಂದಿ ತಾಯಂದಿರ ಮನಸ್ಸು ತಾನಾಗಿ ತಿಳಿಯಾಗುತ್ತದೆ. ಏರಿಳಿತದ ಕಾಲದಲ್ಲಿ ಎಳೆಗಳು ಹರಿಯುತ್ತವೆ. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ಸಂಶೋಧಕರು ಹಿಂದಿನ ಏಳು ಅಭ್ಯಾಸಗಳನ್ನು ಕೂಡಿಸಿ ನೋಡಿ 2024ರಲ್ಲಿ ಪ್ರಕಟಿಸಿದ ನಿರ್ಣಯದಂತೆ, ಸಂಧಿಕಾಲದ ಸ್ತ್ರೀಯರಿಗೆ ಖಿನ್ನತೆಯ ಲಕ್ಷಣಗಳು ಬರುವ ಸಂಭವವು ಅದಕ್ಕಿಂತ ಮುಂಚಿನ ಹಂತದ ಸ್ತ್ರೀಯರಿಗಿಂತ ಸುಮಾರು ನೂರಕ್ಕೆ 40ರಷ್ಟು ಹೆಚ್ಚು. ಎಲ್ಲರಿಗೂ ಹೀಗಾಗುವದೆಂದು ಇದರ ಅರ್ಥವಲ್ಲ. ಯಾವ ತೊಂದರೆಯೂ ಇಲ್ಲದೆ ಈ ಕಾಲವನ್ನು ದಾಟಿದವರು ನಮ್ಮ ಓಣಿಯಲ್ಲಿಯೇ ಬೇಕಾದಷ್ಟು ಜನರಿರುವರು. ಮುಟ್ಟಿನ ಕಾಟ ತಪ್ಪಿತೆಂದು ಹಾಯಾಗಿರುವವರೂ ಇರುವರು. ಆದರೆ ಅವರ ಉದಾಹರಣೆ ಕೊಟ್ಟು ಇನ್ನೊಬ್ಬಳನ್ನು ಹೀಗಳೆಯುವದು ಸರಿಯಲ್ಲ.

ಮೈ ಕಾಯುವ ಸಂಗತಿಯನ್ನೂ ತಿಳಿದುಕೊಳ್ಳಬೇಕು. ಹೊರಗೆ ಮಾಗಿಯ ಚಳಿಯಿದ್ದರೂ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಮೋರೆಗೆ ಝಳ ಏರಿ, ಬೆವರು ಸುರಿದು, ಎದೆ ಬಡಿದುಕೊಂಡು, ಒಂದೆರಡು ನಿಮಿಷಗಳಲ್ಲಿ ಇಳಿದು ಹೋಗಿ ಬಳಿಕ ಚಳಿ ಹತ್ತುತ್ತದೆ. ಕೊಲ್ಲಾಪುರದ ಪಂಚಗಂಗೆಯನ್ನು ಕಂಡವರಿಗೆ ಇದನ್ನು ವಿವರಿಸುವದು ಸುಲಭ. ರಾಜಾರಾಮ ಬಂಧಾರದಲ್ಲಿ ನೀರು 39 ಅಡಿಗೆ ಬಂದರೆ ಎಚ್ಚರಿಕೆ, 43 ಅಡಿಗೆ ಬಂದರೆ ಅಪಾಯ. 2019ರ ಆಗಸ್ಟಿನಲ್ಲಿ ಅದು 55 ಅಡಿಯನ್ನೂ ದಾಟಿದ್ದು ನಮಗೆಲ್ಲ ನೆನಪಿದೆ. ಈಗ ಯಾರೋ ಬಂದು ಎಚ್ಚರಿಕೆಯ ಗುರುತನ್ನು ಹತ್ತಡಿಗೆ ಇಳಿಸಿದರೆಂದು ಭಾವಿಸಿರಿ. ಪ್ರತಿ ಮಳೆಗೂ ಊರೆಲ್ಲ ಗುಲ್ಲೇಳುವದು, ಜನರು ಗಂಟುಮೂಟೆ ಕಟ್ಟುವರು. ನದಿಗೆ ಮಾತ್ರ ಏನೂ ಆಗಿರುವದಿಲ್ಲ. ಮೆದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಪುಟ್ಟ ಭಾಗವಿದ್ದು, ಮೈಯ ಉಷ್ಣತೆಯ ಗುರುತುಗಳನ್ನು ಕಾಯುವ ಕೆಲಸ ಅದರದು. ಈಸ್ಟ್ರೋಜನ್ ತಪ್ಪಿದಾಗ ಬೆವರುವ ಗುರುತಿಗೂ ನಡುಗುವ ಗುರುತಿಗೂ ಇರುವ ಅಂತರವು ಕಿರಿದಾಗುತ್ತದೆ. ಕೂದಲೆಳೆಯಷ್ಟು ಉಷ್ಣತೆ ಹೆಚ್ಚಿದರೂ ಮೈಯೆಲ್ಲ ಎಚ್ಚರಿಕೆಯ ಕೂಗು ಏಳುತ್ತದೆ. ಒಲೆಯ ಮುಂದೆ ಕುಳಿತವಳಿಗೆ, ಪತ್ರೆ ಹೊದಿಸಿದ ಲೂಮಿನ ಶೆಡ್ಡಿನಲ್ಲಿ ಕಂಡಿಕೆ ಸುತ್ತುವವಳಿಗೆ ಇದು ಎಷ್ಟು ಸಲ ಆಗುವದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ರಾತ್ರಿ ಈ ಝಳ ಬಂದರೆ ನಿದ್ರೆ ಹರಿಯುತ್ತದೆ. ಎದೆ ಡವಡವ ಹೊಡೆದುಕೊಳ್ಳುತ್ತ ಎಚ್ಚರಾದವಳಿಗೆ ಕತ್ತಲೆಯಲ್ಲಿ ಏನು ತೋಚೀತು? ಮಗಳ ಲಗ್ನ, ಮಗನ ಪರೀಕ್ಷೆ, ಸೊಸಾಯಿಟಿಯ ಸಾಲ, ಎಲ್ಲವೂ ಒಟ್ಟಿಗೆ ಎದೆಯ ಮೇಲೆ ಬಂದು ಕೂಡುತ್ತವೆ. ಬೆಳಗಾದ ಮೇಲೆ ತಲೆ ಭಾರ, ಮಾತು ಕಟು. ಪಲ್ಯಕ್ಕೆ ಎರಡು ಸಲ ಉಪ್ಪು ಬೀಳುತ್ತದೆ, ಬೀಗದ ಕೈ ಎಲ್ಲಿಟ್ಟೆನೆಂಬುದು ಮರೆಯುತ್ತದೆ. ಆಗ ಆಕೆಗೆ ಒಂದು ಹೊಸ ಭಯ ಹುಟ್ಟುತ್ತದೆ: ತನಗೆ ಹುಚ್ಚು ಹಿಡಿಯುತ್ತಿದೆಯೇ ಎಂದು. ನಮ್ಮ ಅಧ್ಯಾಪಿಕೆಯರ ಮುಂದೆ ಆ ತಾಯಿ ಎಲ್ಲಕ್ಕಿಂತ ಕೊನೆಗೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದ್ದು ಇದೇ ಮಾತನ್ನು. ಇದು ಹುಚ್ಚಲ್ಲ. ಈ ಕಾಲದ ಮರೆವು ಬಹುತೇಕವಾಗಿ ನಿದ್ರೆಗೇಡಿನಿಂದಲೂ ರಸಗಳ ಏರಿಳಿತದಿಂದಲೂ ಆದದ್ದು. ಸಂಧಿಕಾಲ ದಾಟಿದ ಮೇಲೆ ಸಾಮಾನ್ಯವಾಗಿ ತಿಳಿಯಾಗುತ್ತದೆ.

ನನ್ನ ಮನೆಯ ಸಂಗತಿಯನ್ನೇ ಹೇಳದಿದ್ದರೆ ಉಪದೇಶ ಮಾಡಲು ನನಗೆ ಅಧಿಕಾರವಿಲ್ಲ. ನಾನು ಕೊಲ್ಲಾಪುರದಲ್ಲಿ ಬಿ.ಎ. ಓದುತ್ತಿದ್ದಾಗ ಶನಿವಾರ ಸಂಜೆ ಎಸ್.ಟಿ. ಗಾಡಿಯಿಂದ ಗಡಹಿಂಗ್ಲಜ ಕಡೆಯ ನಮ್ಮ ಹಳ್ಳಿಗೆ ಬರುತ್ತಿದ್ದೆನು. ಆ ಎರಡು-ಮೂರು ವರುಷ ನಮ್ಮ ತಾಯಿಯವರ ಸ್ವಭಾವ ತೀರ ಬದಲಾಗಿತ್ತು. ಗಂಗಾಳ ಸಪ್ಪಳವಾದರೆ ಸಿಟ್ಟು; ಅತ್ತೆ ಕರೆದರೆ ಕಣ್ಣೀರು. ಒಂದು ರಾತ್ರಿ, ಮಾಗಿಯ ದಿನ, ಅವರು ಕಟ್ಟೆಯ ಮೇಲೆ ಸೆರಗು ಜಾರಿಸಿ ಗಾಳಿಗೆ ಕುಳಿತದ್ದನ್ನು ಕಂಡು, ಅಜ್ಜಿಯ ಸಂಗಡ ಜಗಳವಾಡಿ ಸೆಡವಿನಿಂದ ಕುಳಿತಿರುವರೆಂದೇ ನಾನು ತಿಳಿದೆನು. “ದಿನಾ ಇದ ನಡದೈತೇನು? ಊರಿಗೆ ಬರಾಕ ಬ್ಯಾಸರ ಬರತೈತಿ” ಎಂದೆನು. ಅವರು ಮಾತಾಡಲಿಲ್ಲ. ಮುಂದೆ ಎರಡು ಶನಿವಾರ ನಾನು ಹೋಗಲೂ ಇಲ್ಲ; ಅಭ್ಯಾಸವಿದೆಯೆಂದು ಸುಳ್ಳು ಹೇಳಿ ಖೋಲಿಯಲ್ಲಿಯೇ ಉಳಿದೆನು. ಇಪ್ಪತ್ತು ವರುಷಗಳ ಮೇಲೆ, ನನ್ನ ಮನೆಯಲ್ಲಿ ನನ್ನ ಪತ್ನಿಯವರು ಇದೇ ರೀತಿ ರಾತ್ರಿ ಎದ್ದು ಕಿಡಕಿ ತೆರೆದು ನಿಂತುದನ್ನು ಕಂಡಾಗ ಆ ಕಟ್ಟೆಯ ನೆನಪಾಯಿತು. ಪದವೀಧರನಾದ ನನಗೆ ಇದು ತಿಳಿಯಲು ಇಪ್ಪತ್ತು ವರುಷ ಬೇಕಾಯಿತು.

ನಡುವಯಸ್ಸಿನ ತಾಯಂದಿರ ಕಳವಳಕ್ಕೆಲ್ಲ ಚೋದಕ ರಸಗಳೇ ಕಾರಣವೆಂದು ಹೇಳಿದರೆ ಅದು ಅರ್ಧ ಸತ್ಯವಾಗುತ್ತದೆ. ಈ ವಯಸ್ಸಿಗೆ ಬರುವಾಗ ಮನೆಯ ಭಾರವೂ ಶಿಖರಕ್ಕೇರಿರುತ್ತದೆ. ಅತ್ತೆಮಾವಂದಿರು ಹಾಸಿಗೆ ಹಿಡಿದಿರುತ್ತಾರೆ, ಮಗನು ಹತ್ತನೆಯ ಪರೀಕ್ಷೆಗೆ ಕೂಡುವವನಿರುತ್ತಾನೆ, ಮಗಳನ್ನು ಕೊಟ್ಟ ಮನೆಯ ಸುದ್ದಿ ಚೆನ್ನಾಗಿರುವದಿಲ್ಲ. ಬೆಳಿಗ್ಗೆ ಹೊಲದ ಕೆಲಸ, ಸಂಜೆಗೆ ದನದ ಕೆಲಸ. ಗಡಿಯಾಚೆಯ ಹುಕ್ಕೇರಿ, ಚಿಕ್ಕೋಡಿ ಕಡೆಯಿಂದ ಇತ್ತ ಕೊಟ್ಟು ಬಂದ ಹೆಣ್ಣುಮಕ್ಕಳಿಗೆ ತವರೂ ದೂರ, ಮಾತೂ ದೂರ. ಗಂಡ ತೀರಿಕೊಂಡವರ ಪಾಡು ಇನ್ನೂ ಕಠಿಣ. ಮೈಯಲ್ಲಿ ಈ ಬದಲಾವಣೆ ನಡೆದಾಗಲೇ ಸಮಾಜವು ಅವರನ್ನು ಬದಿಗೆ ಸರಿಸಿರುತ್ತದೆ. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಶಿರೋಳ ತಾಲೂಕಿನ ಹೇರವಾಡ ಗ್ರಾಮ ಪಂಚಾಯತಿಯು 2022ರ ಮೇ ತಿಂಗಳಲ್ಲಿ ಮಾಡಿದ ಕೆಲಸ ಹೆಮ್ಮೆಪಡುವಂಥದು. ಗಂಡ ತೀರಿಕೊಂಡಾಗ ಹೆಂಡತಿಯ ಬಳೆ ಒಡೆಯುವ, ಕುಂಕುಮ ಅಳಿಸುವ, ತಾಳಿ ತೆಗೆಯುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಆ ಊರು ಠರಾವು ಮಾಡಿತು. ಉಳಿದ ಊರುಗಳೂ ಹಾಗೆಯೇ ಮಾಡಬೇಕೆಂದು ಅದೇ ತಿಂಗಳಲ್ಲಿ ರಾಜ್ಯ ಸರಕಾರವು ಸುತ್ತೋಲೆ ಕಳಿಸಿತು. ಮನೆಯೊಳಗೆ ಮುಚ್ಚಿಟ್ಟ ಹೆಣ್ಣಿನ ದುಃಖವನ್ನು ಪಂಚಾಯತಿಯ ಸಭೆಯಲ್ಲಿ ಆಡಬಹುದಾದರೆ ಶಾಲೆಯ ಸಂಚಿಕೆಯಲ್ಲಿ ಏಕೆ ಆಡಬಾರದು?

ಕನ್ನಡದ ಓದುಗರಿಗೆ ತ್ರಿವೇಣಿಯವರ ಹೆಸರು ಹೊಸದಲ್ಲ. 1928ರಲ್ಲಿ ಜನಿಸಿ 1963ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ ಈ ಲೇಖಕಿಯು ‘ಶರಪಂಜರ’ ಎಂಬ ಕಾದಂಬರಿಯಲ್ಲಿ ಹೆರಿಗೆಯ ತರುವಾಯ ಮನೋರೋಗಕ್ಕೆ ಈಡಾದ ಗೃಹಿಣಿಯ ಕಥೆಯನ್ನು ಬರೆದರು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದರು. ಆಕೆ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಗಂಡನೂ ನೆರೆಹೊರೆಯವರೂ ಆಕೆಯನ್ನು ನೋಡುವ ದೃಷ್ಟಿಯು ಗುಣವಾಗಿರುವದಿಲ್ಲ. ಅದು ಬಾಣಂತಿಯ ಕಥೆ, ನಾವು ಮಾತಾಡುತ್ತಿರುವದು ನಡುವಯಸ್ಸಿನ ಸ್ಥಿತಿ. ರೋಗವೂ ಅಷ್ಟು ಉಗ್ರವಾದುದಲ್ಲ. ಆದರೂ ಮನೆಯವರ ನಡೆನುಡಿಯಿಂದ ಬೇನೆ ಇಳಿಯುವದುಂಟು, ಏರುವದೂ ಉಂಟು ಎಂಬುದನ್ನು ಆ ಕಾದಂಬರಿಯಷ್ಟು ಸ್ಪಷ್ಟವಾಗಿ ನಮ್ಮ ಭಾಷೆಯಲ್ಲಿ ಹೇಳಿದ ಪುಸ್ತಕಗಳು ಕಡಿಮೆ. ದೊಡ್ಡ ಮಕ್ಕಳು ಗ್ರಂಥಾಲಯದಿಂದ ಒಯ್ದು ಓದಬಹುದು.

ಕೆಲವು ಮನೆಗಳಲ್ಲಿ ಇದನ್ನು ‘ಗಾಳಿ’ಯೆಂದೂ ಮಾಟವೆಂದೂ ಭಾವಿಸಿ ದೇವರಿಷಿಯ ಬಳಿಗೆ ಕರೆದೊಯ್ಯುವದನ್ನು ನಾನು ಬಲ್ಲೆನು. ಸವದತ್ತಿಯ ಗುಡ್ಡಕ್ಕೋ ಜೋತಿಬಾನ ಗುಡ್ಡಕ್ಕೋ ಹೋಗಿ ಬಂದರೆ ತಾಯಿಯ ಮನಸ್ಸಿಗೆ ಸಮಾಧಾನವಾಗುವದಾದರೆ ಅವಶ್ಯ ಹೋಗಲಿ. ನಾಲ್ಕು ಜನ ಗೆಳತಿಯರೊಡನೆ ಹಾಡುತ್ತ ಹೋಗುವದು ಒಳ್ಳೆಯದೇ. ಆದರೆ ಭೂತ ಬಿಡಿಸುವೆನೆಂದು ಹೊಡೆಯುವದು, ಹೊಗೆ ಹಾಕುವದು, ಉಪವಾಸ ಕೆಡವುವದು ಅಪರಾಧ. ಮಹಾರಾಷ್ಟ್ರದಲ್ಲಿ 2013ರ ಜಾದುಟೋಣಾ ವಿರೋಧಿ ಕಾಯಿದೆಯ ಮೇರೆಗೆ ಅದಕ್ಕೆ ಶಿಕ್ಷೆಯುಂಟು.

ಇನ್ನು ವೈದ್ಯರ ಬಳಿಗೆ ಹೋಗುವ ಮಾತು. ಗಡಹಿಂಗ್ಲಜದಲ್ಲಿ ಉಪಜಿಲ್ಲಾ ರುಗ್ಣಾಲಯ, ಇಚಲಕರಂಜಿಯಲ್ಲಿ ಇಂದಿರಾ ಗಾಂಧಿ ಸ್ಮಾರಕ ರುಗ್ಣಾಲಯ, ಕೊಲ್ಲಾಪುರದಲ್ಲಿ ಛತ್ರಪತಿ ಪ್ರಮಿಲಾರಾಜೆ ರುಗ್ಣಾಲಯ (ಜನರು ಸಿ.ಪಿ.ಆರ್. ಎನ್ನುವದು ಇದಕ್ಕೇ) ಇವೆ. ಆದರೆ ಅಲ್ಲಿ ನಡೆಯುವದು ಮರಾಠಿ ಮಾತು. ಸಂತೆಯಲ್ಲಿ ಮರಾಠಿಯಾಡುವ ತಾಯಂದಿರಿಗೂ ತಮ್ಮ ಮೈಮನಸ್ಸಿನ ಬೇನೆಯನ್ನು ಆ ಭಾಷೆಯಲ್ಲಿ ಹೇಳಲು ಬಾಯಿ ಬರುವದಿಲ್ಲ. ಮರಾಠಿ ಬಲ್ಲ ಮಗನನ್ನು ಸಂಗಡ ಕರೆದೊಯ್ದರೆ ಅವನ ಮುಂದೆ ಮುಟ್ಟಿನ ಮಾತು ತೆಗೆಯಲು ನಾಚಿಕೆ. ಹೀಗಾಗಿ “ಕೈಕಾಲ ನೋವು” ಎಂದು ಹೇಳಿ ಅದರ ಗುಳಿಗೆ ತೆಗೆದುಕೊಂಡು ಹಿಂದಿರುಗುವರು. ವೈದ್ಯರೊಬ್ಬರು “ವಯಸ್ಸಾಯಿತು, ಇದೆಲ್ಲ ಇದ್ದದ್ದೇ” ಎಂದು ತಲೆ ಎತ್ತದೆ ಚೀಟಿ ಬರೆದುದನ್ನು ನನ್ನ ಪತ್ನಿಯವರೇ ಅನುಭವಿಸಿದ್ದಾರೆ. ಆದುದರಿಂದ ಮನೆಯಲ್ಲಿಯೇ ಒಂದು ಕಾಗದದ ಮೇಲೆ ಬರೆದುಕೊಂಡು ಹೋಗುವದು ಉತ್ತಮ: ಕೊನೆಯ ಮುಟ್ಟು ಯಾವ ತಿಂಗಳು ಆಯಿತು, ಝಳ ದಿನಕ್ಕೆ ಎಷ್ಟು ಸಲ ಬರುತ್ತದೆ, ನಿದ್ರೆ ಎಷ್ಟು ತಾಸು. ಮರಾಠಿಯಲ್ಲಿ ಮುಟ್ಟಿಗೆ ‘ಪಾಳೀ’ ಎನ್ನುವರು. ಮುಟ್ಟು ನಿಂತಿದ್ದರೆ ‘ಪಾಳೀ ಬಂದ ಝಾಲೀ’. ಎದೆ ಬಡಿದುಕೊಂಡರೆ ‘ಛಾತೀತ ಧಡಧಡತೆ’. ಬೆವರು ಬಂದರೆ ‘ಘಾಮ ಯೇತೋ’. ನಿದ್ರೆ ಬಾರದಿದ್ದರೆ ‘ಝೋಪ ಯೇತ ನಾಹೀ’. ಒಳಗೊಳಗೇ ಅಂಜಿಕೆಯಾದರೆ ‘ಜೀವ ಘಾಬರತೋ’. ನಮ್ಮ ವಿದ್ಯಾರ್ಥಿನಿಯರು ಇದನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟರೆ ತಾಯಿಗೆ ದೊಡ್ಡ ಸಹಾಯವಾದೀತು. ಸಂಗಡ ಅಕ್ಕನೋ ಚಿಗವ್ವನೋ ಊರಿನ ಆಶಾ ಕಾರ್ಯಕರ್ತೆಯೋ ಹೋಗಲಿ.

ಕನ್ನಡದಲ್ಲಿಯೇ ಮಾತಾಡಬೇಕೆನ್ನುವವರಿಗೆ ಇನ್ನೊಂದು ದಾರಿಯಿದೆ. ಕೇಂದ್ರ ಸರಕಾರವು 2022ರ ಅಕ್ಟೋಬರಿನಲ್ಲಿ ಟೆಲಿ ಮಾನಸ್ ಎಂಬ ಸೇವೆಯನ್ನು ಆರಂಭಿಸಿತು. 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಗಲುರಾತ್ರಿ ಯಾವಾಗಲಾದರೂ, ಖರ್ಚಿಲ್ಲದೆ, ಮನಸ್ಸಿನ ತೊಂದರೆಯ ವಿಷಯವಾಗಿ ತರಬೇತಿ ಹೊಂದಿದವರೊಡನೆ ಮಾತಾಡಬಹುದು. ಅಲ್ಲಿ ಭಾಷೆಯನ್ನು ಆರಿಸಿಕೊಳ್ಳುವ ಸೌಲಭ್ಯವಿದ್ದು, ಆ ಭಾಷೆಗಳಲ್ಲಿ ಕನ್ನಡವೂ ಒಂದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಮುಖ್ಯ ಕೇಂದ್ರವಾಗಿದೆ.

ವೈದ್ಯರು ಸಾಮಾನ್ಯವಾಗಿ ಮೊದಲು ರಕ್ತವನ್ನು ಪರೀಕ್ಷಿಸುವರು. ಕಾರಣವಿಷ್ಟೇ: ರಕ್ತಹೀನತೆಯಿದ್ದರೂ ಎದೆ ಹಾರುತ್ತದೆ, ಥೈರಾಯಿಡ್ ಗ್ರಂಥಿ ಕೆಟ್ಟರೂ ಕಳವಳ, ಬೆವರು, ನಿದ್ರೆಗೇಡು ಬರುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವರುಷದ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಎಲ್ಲವನ್ನೂ ಮುಟ್ಟು ನಿಲ್ಲುವದರ ಮೇಲೆ ಹೊರಿಸಿ ಕೂತರೆ ಸುಲಭವಾಗಿ ಗುಣವಾಗುವ ರೋಗವೂ ಉಳಿದುಹೋಗುತ್ತದೆ.

ಚೋದಕ ರಸವನ್ನು ಗುಳಿಗೆಯಾಗಿ ಅಥವಾ ಚರ್ಮಕ್ಕೆ ಹಚ್ಚುವ ಔಷಧಿಯಾಗಿ ಕೊಡುವ ಚಿಕಿತ್ಸೆಯುಂಟು. ಝಳಕ್ಕೆ ಅಷ್ಟು ಪರಿಣಾಮಕಾರಿಯಾದ ಮದ್ದು ಬೇರೊಂದಿಲ್ಲ. 2002ರಲ್ಲಿ ಅಮೇರಿಕೆಯ ಒಂದು ದೊಡ್ಡ ಅಭ್ಯಾಸವು ಇದರಿಂದ ಸ್ತನದ ಕ್ಯಾನ್ಸರು ಮೊದಲಾದ ಅಪಾಯಗಳು ಹೆಚ್ಚುವವೆಂದು ಹೇಳಿದ್ದರಿಂದ ಲೋಕವೆಲ್ಲ ಅಂಜಿತು. ಆ ಅಭ್ಯಾಸದ ಸ್ತ್ರೀಯರ ಸರಾಸರಿ ವಯಸ್ಸು 63 ಆಗಿತ್ತೆಂಬುದನ್ನು ಬಳಿಕ ವಿಚಾರಿಸಿ ನೋಡಲಾಯಿತು. 60ರ ಒಳಗಿನವರಿಗೆ, ಅಥವಾ ಮುಟ್ಟು ನಿಂತು ಹತ್ತು ವರುಷದೊಳಗಿನವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ, ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂಬುದು ಈಗಿನ ತಜ್ಞರ ಮತ. ಸ್ತನದ ಕ್ಯಾನ್ಸರು ಆದವರಿಗೆ, ರಕ್ತ ಹೆಪ್ಪುಗಟ್ಟುವ ರೋಗವುಳ್ಳವರಿಗೆ ಇದು ಸಲ್ಲದು. ಆದುದರಿಂದ ನೆರೆಯವಳ ಚೀಟಿ ನೋಡಿ ಔಷಧಿ ಅಂಗಡಿಯಿಂದ ತರುವಂಥದಲ್ಲ. ಮನಸ್ಸಿನ ಕಳವಳಕ್ಕೆ ಬೇರೆ ಗುಳಿಗೆಗಳೂ, ಮಾತಿನಿಂದಲೇ ಮಾಡುವ ಚಿಕಿತ್ಸೆಯೂ ಇವೆ, ಎರಡಕ್ಕೂ ಗುಣವುಂಟು. ದಿನಾಲೂ ಅರ್ಧ ತಾಸು ಬಿರುಸಾಗಿ ನಡೆಯುವದು, ಸಂಜೆಯ ಮೇಲೆ ಚಹಾ ಬಿಡುವದು, ಎಲುಬಿನ ಸಲುವಾಗಿ ಹಾಲು, ಎಳ್ಳು, ನಾಚಣಿ ತಿನ್ನುವದು ಇವು ಎಲ್ಲರಿಗೂ ಸಲ್ಲುವ ಮಾತು. ಹೊಲದಲ್ಲಿ ದುಡಿಯುವವಳಿಗೆ ನಡೆಯಲು ಹೇಳಿದರೆ ನಗುವಳು, ನಿಜ. ಆಕೆಗೆ ಬೇಕಾದದ್ದು ಮಧ್ಯಾಹ್ನ ಅರ್ಧ ತಾಸು ಕಾಲು ಚಾಚಿ ಮಲಗುವ ಅವಕಾಶ.

ಎರಡು ಸಂದರ್ಭಗಳಲ್ಲಿ ತಡಮಾಡಲೇ ಬಾರದು. ಮುಟ್ಟು ನಿಂತು ವರುಷ ದಾಟಿದ ಮೇಲೆ ಮತ್ತೆ ರಕ್ತ ಕಂಡರೆ, ತುಸುವೇ ಇರಲಿ, ವೈದ್ಯರಿಗೆ ತೋರಿಸಬೇಕು. ತಾಯಿಯು “ಇರೂದಕಿಂತ ಹೋಗೂದ ಚೊಲೊ” ಎಂಬ ಮಾತನ್ನು ಆಡತೊಡಗಿದರೆ ಅದನ್ನು ಸಿಟ್ಟಿನ ಮಾತೆಂದು ತಳ್ಳಿಹಾಕದೆ, ಒಬ್ಬಳನ್ನೇ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಗರ್ಭಚೀಲ ತೆಗೆಸುವ ವಿಷಯವಾಗಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದೀಪಾವಳಿಯ ಸುಮಾರಿಗೆ ನಮ್ಮ ಜಿಲ್ಲೆಯ ಸಕ್ಕರೆ ಕಾರಖಾನೆಗಳ ಗಾಣ ಹೂಡಿದರೆ ಬೀಡ ಜಿಲ್ಲೆಯಿಂದ ಕಬ್ಬು ಕಡಿಯುವ ಟೋಳಿಗಳು ಬಂದು ಇಳಿಯುತ್ತವೆ. ಆ ಹೆಣ್ಣುಮಕ್ಕಳ ಬಗ್ಗೆ 2019ರಲ್ಲಿ ಸರಕಾರವು ನೇಮಿಸಿದ ಸಮಿತಿಯು, ಬೀಡ ಜಿಲ್ಲೆಯಲ್ಲಿ ವಿಚಾರಿಸಿದ ಸುಮಾರು 82 ಸಾವಿರ ಮಂದಿಯಲ್ಲಿ 13 ಸಾವಿರಕ್ಕೂ ಹೆಚ್ಚು ಜನರ ಗರ್ಭಾಶಯ ತೆಗೆಯಲಾಗಿದೆಯೆಂದು ಕಂಡುಕೊಂಡಿತು. ಮುಟ್ಟಿನ ದಿನ ಕೂಲಿ ತಪ್ಪುವದೆಂಬ ಚಿಂತೆ, ಕ್ಯಾನ್ಸರಿನ ಹೆದರಿಕೆ, ಕೆಲವು ಖಾಸಗಿ ಆಸ್ಪತ್ರೆಗಳ ಲೋಭ ಇವೆಲ್ಲ ಕೂಡಿ ಈ ಸ್ಥಿತಿ ಬಂದಿತು. ಗರ್ಭಾಶಯವನ್ನಷ್ಟೇ ತೆಗೆದರೆ ಮುಟ್ಟು ನಿಲ್ಲುತ್ತದೆ, ಆದರೆ ಅಂಡಾಶಯಗಳು ಉಳಿದಿರುವದರಿಂದ ರಸಗಳು ಇನ್ನೂ ಕೆಲವು ಕಾಲ ನಡೆದಿರುತ್ತವೆ. ಎರಡೂ ಅಂಡಾಶಯಗಳನ್ನು ಸಹ ತೆಗೆದರೆ, ವರುಷಗಟ್ಟಲೆ ಮೆಲ್ಲಗೆ ಆಗಬೇಕಾದದ್ದು ಒಂದೇ ದಿನದಲ್ಲಿ ಆಗಿಬಿಡುತ್ತದೆ. ಮೂವತ್ತೈದರ ಹೆಣ್ಣುಮಗಳು ಐವತ್ತರ ಝಳವನ್ನೂ ಕಳವಳವನ್ನೂ ಒಮ್ಮೆಲೇ ಅನುಭವಿಸಬೇಕಾಗುತ್ತದೆ. ನಮ್ಮ ಊರುಗಳಲ್ಲಿಯೂ ‘ಪಿಶವಿ ತೆಗೆಸೀವಿ’ ಎಂದು ಹೇಳುವ ತಾಯಂದಿರು ಕಡಿಮೆಯಿಲ್ಲ. ಯಾವುದನ್ನು ತೆಗೆದರೆಂದು ಕೇಳಿದರೆ ಹೆಚ್ಚಿನವರಿಗೆ ತಿಳಿಯದು. ಆಪರೇಶನ್ನಿನ ಕಾಗದಗಳನ್ನು ಜೋಪಾನವಾಗಿ ಇಡಿರಿ. ಇನ್ನೂ ಆಗಿಲ್ಲವಾದರೆ ಇನ್ನೊಬ್ಬ ವೈದ್ಯರನ್ನು ಕೇಳದೆ ಒಪ್ಪಿಕೊಳ್ಳಬೇಡಿರಿ.

ತಂದೆಯವರಿಗೆ ನನ್ನ ಬಿನ್ನಹ ಚಿಕ್ಕದು. ನಾಲ್ಕು ಜನರ ಮುಂದೆ “ಇಕೀ ತಲಿ ಕೆಟ್ಟೈತಿ” ಎಂಬ ಮಾತನ್ನು ಬಿಡಿರಿ. ಆಸ್ಪತ್ರೆಗೆ ಹೋಗುವ ದಿನ ಹೊಲದ ಕೆಲಸವನ್ನು ಒಂದು ಹೊತ್ತು ನಿಲ್ಲಿಸಿರಿ. ಮಕ್ಕಳೇ, ತಾಯಿ ಒದರಿದಾಗ ತಿರುಗಿ ಒದರದೆ ಒಂದು ತಂಬಿಗೆ ನೀರು ತಂದುಕೊಟ್ಟು ಹೊರಗೆ ಹೋಗಿ ಅರ್ಧ ತಾಸು ಬಿಟ್ಟು ಬನ್ನಿರಿ. ನಿಮ್ಮ ತಪ್ಪಿನಿಂದ ಆಕೆಗೆ ಹೀಗಾಗಿರುವದಿಲ್ಲ. ಸಂಜೆಯ ರೊಟ್ಟಿಯನ್ನು ಗಂಡುಮಕ್ಕಳು ಬಡಿಯಲು ಕಲಿತರೆ ಕೈ ಸವೆಯುವದಿಲ್ಲ. ನಾನು ಕಳೆದ ವರುಷ ಕಲಿತೆನು. ರೊಟ್ಟಿ ಇನ್ನೂ ದುಂಡಗೆ ಬರುವದಿಲ್ಲ.

ನಿಬಂಧ ಬರೆದ ಹುಡುಗನ ತಾಯಿಯವರನ್ನು ನಮ್ಮ ಅಧ್ಯಾಪಿಕೆಯರು ಆಸ್ಪತ್ರೆಗೆ ಕರೆದೊಯ್ದರು. ರಕ್ತ ಬಹಳ ಕಡಿಮೆಯಿತ್ತು. ಅದಕ್ಕೆ ಗುಳಿಗೆ ನಡೆದಿವೆ. ನಿದ್ರೆ ಮೊದಲಿಗಿಂತ ವಾಸಿ. ಝಳ ಇನ್ನೂ ಬರುತ್ತದೆ, ಸಿಟ್ಟೂ ಒಮ್ಮೊಮ್ಮೆ ಬರುತ್ತದೆ. ಹುಡುಗನು ಮಾರ್ಚಿನ ಪರೀಕ್ಷೆಯಲ್ಲಿ ತೇರ್ಗಡೆಯಾದನು.

ಇದೇ ವಿಷಯವಾಗಿ ಸಂಕ್ರಾಂತಿಯ ಮರುವಾರ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಶಾಲೆಯ ಸಭಾಗೃಹದಲ್ಲಿ ಸ್ತ್ರೀ ವೈದ್ಯರೊಬ್ಬರು ತಾಯಂದಿರೊಡನೆ ಕನ್ನಡದಲ್ಲಿಯೇ ಮಾತಾಡುವರು. ಗಂಡಸರಿಗೆ ಆಗ ಪ್ರವೇಶವಿಲ್ಲ. ಅವರ ಸಭೆ ಮರುದಿನ ಬೆಳಿಗ್ಗೆ ಬೇರೆಯಾಗಿ ನಡೆಯುವದು. ಪ್ರತಿವರುಷ ಇದೇ ಸುಮಾರಿಗೆ ನಡೆಯುತ್ತಿದ್ದ ಅರಿಷಿಣ-ಕುಂಕುಮದ ಸಮಾರಂಭಕ್ಕೆ ಗಂಡನಿಲ್ಲದ ತಾಯಂದಿರು ಬರುತ್ತಿರಲಿಲ್ಲ. ಆದುದರಿಂದ ಈ ಸಲ ಕರೆಯೋಲೆಯಲ್ಲಿ ‘ಕುಸುರೆಳ್ಳಿನ ಸಭೆ’ ಎಂದು ಮಾತ್ರ ಬರೆಯಿಸಿದ್ದೇವೆ.